ಸೀಳಿದ ಕಯಾಕ್‌ಗೆ ಟ್ಯಾಂಕ್ ರಿಪೇರಿಯವರೇ ಸರಿ

ಪ್ರಶ್ನೆ: ಸರ್, ನಮಸ್ಕಾರ. ನಾನು ಬ್ರಹ್ಮಾವರದವನು. ಮುಚ್ಚಿಹೋದ ಒಂದು ಹೋಂಸ್ಟೇಯಿಂದ 12 ಅಡಿಯ ಪ್ಲಾಸ್ಟಿಕ್ ಕಯಾಕ್ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆ. ಮೇಲೆ ಕೂತು ಹುಟ್ಟು ಹಾಕುವಂಥದ್ದು, ಒಬ್ಬರಿಗೆ. ತೂಕ 32 ಕೆಜಿ. ರಜೆ ದಿನ ಸಾಲಿಗ್ರಾಮದ ಹತ್ತಿರ ಸೀತಾ ನದಿಯ ಹಿನ್ನೀರಿನಲ್ಲಿ ಗಾಳ ಹಾಕುವ ಆಸೆ. ಆದರೆ ಒಂದು ಗಂಟೆ ಸುತ್ತಿ ಬಂದರೆ ಒಳಗೆ ಹತ್ತು ಲೀಟರ್ ನೀರು ತುಂಬಿರುತ್ತದೆ. ಸೀಟಿನ ಹಿಂದೆ ನೀರು ಬಸಿಯುವ ತೂತಿದೆಯಲ್ಲ, ಅದರ ಸುತ್ತ ಬಿರುಕು ಬಿಟ್ಟಿದೆ. ಫೈಬರ್ ದೋಣಿ ರಿಪೇರಿಯವರು ಗಾಜಿನ ನಾರಿನ ಮ್ಯಾಟ್, ಅದನ್ನು ಅಂಟಿಸುವ ರೆಸಿನ್ ಹಾಕಿ ಕೊಟ್ಟರು, ಎರಡೇ ವಾರಕ್ಕೆ ಸಿಪ್ಪೆ ಹಾಗೆ ಎದ್ದು ಬಂತು. ಏನು ಮಾಡಲಿ? ಜೊತೆಗೆ ಗಾಳದ ಕೋಲು ಸಿಕ್ಕಿಸುವ ರಾಡ್ ಹೋಲ್ಡರ್, ನೀರೊಳಗಿನ ಮೀನನ್ನು ಪರದೆಯಲ್ಲಿ ತೋರಿಸುವ ಫಿಶ್ ಫೈಂಡರ್ ಕೂಡ ಹಾಕಬೇಕು ಅಂತಿದ್ದೇನೆ. ನನ್ನ ವ್ಯಾಗನ್ ಆರ್ ಮೇಲೆ ಕಟ್ಟಿ ಒಯ್ಯಬಹುದಾ?

ಉತ್ತರ: ಫೈಬರ್‌ನವರ ಮೇಲೆ ಬೇಜಾರು ಮಾಡ್ಕೋಬೇಡಿ. ಅವರ ಕೆಲಸ ಸರಿಯಾಗಿಯೇ ಇದ್ದಿರಬಹುದು, ನೀವು ತಟ್ಟಿದ ಬಾಗಿಲು ತಪ್ಪು. ನಾನು ಮಲ್ಪೆ ಕಡೆ ಫೈಬರ್ ಕೆಲಸ, ಪ್ಲಾಸ್ಟಿಕ್ ವೆಲ್ಡಿಂಗ್ ಎರಡೂ ಮಾಡಿಕೊಂಡು ಬಂದವನು, ಹಾಗಾಗಿ ಈ ಕಥೆ ವರ್ಷಕ್ಕೆ ನಾಲ್ಕು ಸಲ ಕೇಳುತ್ತೇನೆ. ಕಯಾಕ್ ನೋಡಲಿಕ್ಕೆ ದೋಣಿ ಥರ ಇದೆ ಅಂತ ಎಲ್ಲರೂ ದೋಣಿ ರಿಪೇರಿಯವರ ಹತ್ತಿರ ಒಯ್ಯುತ್ತಾರೆ. ಅದರ ನೆಂಟಸ್ತಿಕೆ ಇರುವುದು ನಿಮ್ಮ ಮನೆ ತಾರಸಿ ಮೇಲಿನ ಕಪ್ಪು ನೀರಿನ ಟ್ಯಾಂಕಿನ ಜೊತೆ.

ಎರಡೂ ಹುಟ್ಟುವುದು ಒಂದೇ ರೀತಿ. ಲೋಹದ ಅಚ್ಚಿನೊಳಗೆ ಪಾಲಿಎಥಿಲೀನ್ ಪುಡಿ ಸುರಿದು, ಅಚ್ಚನ್ನು ದೊಡ್ಡ ಭಟ್ಟಿಯಲ್ಲಿಟ್ಟು ಎರಡೂ ದಿಕ್ಕಿಗೆ ನಿಧಾನಕ್ಕೆ ತಿರುಗಿಸುತ್ತಾ ಕಾಯಿಸುತ್ತಾರೆ. ಪುಡಿ ಕರಗಿ ಅಚ್ಚಿನ ಒಳಮೈಗೆಲ್ಲ ದೋಸೆ ಹಿಟ್ಟಿನ ಹಾಗೆ ಹಿಡಿದುಕೊಳ್ಳುತ್ತದೆ. ತಣಿದ ಮೇಲೆ ಜೋಡಣೆಯೇ ಇಲ್ಲದ ಪೊಳ್ಳು ವಸ್ತು ಹೊರಗೆ ಬರುತ್ತದೆ. ಈ ಪ್ಲಾಸ್ಟಿಕ್‌ನ ಗುಣವೇ ಯಾವುದನ್ನೂ ಹತ್ತಿರ ಸೇರಿಸದಿರುವುದು. ನೀರು ಹಾಕಿದರೆ ಕೆಸುವಿನ ಎಲೆ ಮೇಲಿನ ಹಾಗೆ ಹನಿಯಾಗಿ ಜಾರುತ್ತದೆ ಅಲ್ವಾ, ರೆಸಿನ್ ಕೂಡ ಹಾಗೇ, ಮೇಲೆ ಕೂತಿರುತ್ತದೆ ಅಷ್ಟೇ, ಕಚ್ಚುವುದಿಲ್ಲ. ಅಂಟು ತುಂಬಿಸಿ ಮಾರುವ ಎಷ್ಟೋ ಡಬ್ಬಿಗಳು ಇದೇ ಪ್ಲಾಸ್ಟಿಕ್‌ನವು, ಅಂಟುವ ಹಾಗಿದ್ದರೆ ಡಬ್ಬಿಗೇ ಅಂಟಿಕೊಳ್ಳುತ್ತಿತ್ತಲ್ಲ! ಆದ್ದರಿಂದ ಎರಡು ಬಣ್ಣದ ಉಂಡೆ ಕಲಸಿ ಮೆತ್ತುವ ಪುಟ್ಟಿ, ಫೆವಿಕ್ವಿಕ್, ಸಿಲಿಕಾನ್, ಸೈಕಲ್ ಟ್ಯೂಬಿನ ಸೊಲ್ಯೂಶನ್, ಯಾವುದಕ್ಕೂ ದುಡ್ಡು ಹಾಕಬೇಡಿ. ಇದನ್ನು ಕರಗಿಸಿ ಬೆಸೆಯಬೇಕು. ಆ ಕೆಲಸ ಟ್ಯಾಂಕ್ ರಿಪೇರಿಯವರಿಗೆ ಚೆನ್ನಾಗಿ ಗೊತ್ತು.

ಮೊದಲು ನಿಮ್ಮದು ಪಾಲಿಎಥಿಲೀನ್ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ. ಅಂಚಿನಿಂದ ಚಾಕುವಿನಲ್ಲಿ ಒಂದು ಸಿಬಿರು ಕೆರೆದು ಲೋಟದ ನೀರಿಗೆ ಹಾಕಿ, ಬೆರಳಲ್ಲಿ ಒತ್ತಿ ಮುಳುಗಿಸಿ ಬಿಡಿ. ತೇಲಿದರೆ ಸರಿ. ಮುಳುಗಿದರೆ ಎಬಿಎಸ್ ಅನ್ನುವ ಬೇರೆ ಪ್ಲಾಸ್ಟಿಕ್ ಇರಬಹುದು ಅಥವಾ ಫೈಬರ್ ಇರಬಹುದು, ಅವುಗಳ ದಾರಿ ಬೇರೆ. ಇನ್ನೊಂದು ಪರೀಕ್ಷೆ: ಕಾಣದ ಜಾಗದಲ್ಲಿ ಕಾದ ಸೋಲ್ಡರಿಂಗ್ ಕಡ್ಡಿಯ ತುದಿ ತಾಗಿಸಿ. ತುಪ್ಪದ ಹಾಗೆ ಕರಗಿ ಹೊಳೆದರೆ ಬೆಸೆಯಬಹುದು. ಕರಗದೆ ಬರೀ ಮೆತ್ತಗಾಗಿ ಕರಕಲಾದರೆ ಅದು ಕ್ರಾಸ್‌ಲಿಂಕ್ ಜಾತಿ, ಅಂದರೆ ಎಳೆಗಳು ಒಂದಕ್ಕೊಂದು ಬೆಸೆದುಕೊಂಡ ಪಾಲಿಎಥಿಲೀನ್, ಅದಕ್ಕೆ ವೆಲ್ಡಿಂಗ್ ಹಿಡಿಯುವುದಿಲ್ಲ. ಹೋಂಸ್ಟೇಗಳಲ್ಲಿ ಬಳಸುವುದು ಹೆಚ್ಚಾಗಿ ಮೊದಲನೆಯದೇ.

ಎರಡನೆಯದು, ಹತ್ತು ಲೀಟರ್ ನೀರು ಅಂದಿರಿ. ಅದಷ್ಟೂ ಆ ಒಂದು ಬಿರುಕಿನಿಂದಲೇ ಬರುತ್ತಿದೆ ಅಂತ ನಂಬಬೇಡಿ. ಬಾಡಿಗೆಗೆ ಓಡಿದ ಕಯಾಕ್‌ನಲ್ಲಿ ಹಿಡಿಕೆಯ ಬೋಲ್ಟು, ಸೀಟಿನ ಪಟ್ಟಿ ಸಿಕ್ಕಿಸುವ ಕೊಂಡಿ, ಹ್ಯಾಚ್ (ಹೊಟ್ಟೆಯೊಳಗೆ ಕೈ ಹಾಕುವ ಬಾಯಿ) ಮುಚ್ಚಳದ ರಬ್ಬರ್, ಡ್ರೈನ್ ಬಿರಡೆ (ಹೊಟ್ಟೆಯ ನೀರು ಹೊರಬಿಡುವ ತೂತಿನದು, ನಿಮ್ಮ ಬಸಿ ತೂತು ಬೇರೆ) ಎಲ್ಲವೂ ಸ್ವಲ್ಪ ಸ್ವಲ್ಪ ಕುಡಿಯುತ್ತಿರುತ್ತವೆ. ಹ್ಯಾಚ್ ಮುಚ್ಚಿ, ಹಾಸಿಗೆಗೆ ಗಾಳಿ ತುಂಬುವ ಪಂಪೋ, ಧೂಳು ಊದುವ ಬ್ಲೋವರೋ ಏನಾದರೂ ತಂದು ಡ್ರೈನ್ ತೂತಿಗೆ ಸಡಿಲವಾಗಿ ಹಿಡಿಯಿರಿ. ಇನ್ನೊಬ್ಬರು ಸೋಪಿನ ನೀರನ್ನು ಬ್ರಷ್‌ನಲ್ಲಿ ಎಲ್ಲ ಕಡೆ ಹಚ್ಚಲಿ. ಗುಳ್ಳೆ ಎದ್ದಲ್ಲೆಲ್ಲ ಮಾರ್ಕರಿನಲ್ಲಿ ಸುತ್ತು ಹಾಕಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮಾತ್ರ ಬೇಡ ಮಾರಾಯ್ರೆ, ಬಿರುಕು ಮೊಳದುದ್ದ ಆಗುತ್ತದೆ. ಹಾಗೇ ಒಳಗೆ ನೀರು ತುಂಬಿಸಿ ಎರಡು ಸ್ಟೂಲಿನ ಮೇಲೆ ಇಟ್ಟು ಎಲ್ಲಿ ತೊಟ್ಟಿಕ್ಕುತ್ತದೆ ಅಂತ ನೋಡುವವರಿದ್ದಾರೆ. ಅಷ್ಟು ಭಾರಕ್ಕೆ ಬುಡ ಬಗ್ಗಿ ಹೋಗುತ್ತದೆ.

ಇನ್ನು ಬಿರುಕು. ಆ ಬಸಿ ತೂತಿನ ಹತ್ತಿರವೇ ಯಾಕೆ ಒಡೆಯಿತು ಗೊತ್ತಾ? ಮೇಲಿನ ಕೂರುವ ಜಾಗದಿಂದ ಕೆಳಗಿನ ಬುಡದವರೆಗೆ ಅದೊಂದು ಕೊಳವೆ. ಅಚ್ಚಿನಲ್ಲಿ ಅಂಥ ಸಂದುಗಳಿಗೆ ಪುಡಿ ಸರಿಯಾಗಿ ಹೋಗದೆ ಗೋಡೆ ತೆಳ್ಳಗಾಗಿಬಿಡುವುದು ಸಾಮಾನ್ಯ. ಆ ತೂತಿಗೇ ಎರಡು ಗೂಟ ತೂರಿಸಿ ಎಳೆಯುವ ಗಾಲಿ ಗಾಡಿ ಸಿಗುತ್ತದೆ. ಹೋಂಸ್ಟೇಯವರ ಹತ್ತಿರ ಅದೇ ಇದ್ದಿರಬೇಕು. ಗೂಟ ಸಡಿಲ ಇದ್ದರೆ ಮರಳಲ್ಲಿ ಎಳೆದಾಗೆಲ್ಲ ಕೊಳವೆಯ ಬಾಯಿಯನ್ನು ಮೀಟುತ್ತಾ ಇರುತ್ತದೆ, ಒಂದು ದಿನ ಸೀಳುತ್ತದೆ. ನಿಮಗೂ ಆ ಗಾಡಿ ಕೊಟ್ಟಿದ್ದರೆ ಗುಜರಿಗೆ ಹಾಕಿ. ಬುಡವನ್ನು ಹಲಗೆ ಮೇಲೆ ಕೂರಿಸಿ ಪಟ್ಟಿಯಲ್ಲಿ ಕಟ್ಟುವ ಗಾಡಿ ಮಾಡಿಸಿಕೊಳ್ಳಿ, ಪೈಪ್ ಮತ್ತು ಎರಡು ದಪ್ಪ ಗಾಲಿ ಇದ್ದರೆ ಮನೆಯಲ್ಲೇ ಆಗುತ್ತದೆ. ಬಸಿ ತೂತಿಗೆ ರಬ್ಬರ್ ಬಿರಡೆ ಹಾಕಿದರೆ ಸಾಕು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬಿರಡೆ ಮುಚ್ಚುವುದು ತೂತನ್ನು, ಬಿರುಕು ಇರುವುದು ತೂತಿನ ಗೋಡೆಯಲ್ಲಿ.

ಬೆಸೆಯುವ ಮೊದಲು ಆ ಹಳೆ ರೆಸಿನ್ ಪೂರ್ತಿ ಕೆರೆದು ತೆಗೆಯಿರಿ. ಸಿಹಿನೀರು, ಸೋಪು ಹಾಕಿ ತೊಳೆದು ನೆರಳಲ್ಲಿ ಎರಡು ದಿನ ಒಣಗಲಿ. ಬಿರುಕಿನೊಳಗೆ ಉಪ್ಪು, ಪಸೆ ಉಳಿದರೆ ಕಾಯಿಸಿದಾಗ ಗುಳ್ಳೆ ಏಳುತ್ತದೆ. ಆಮೇಲೆ ಮಾರ್ಕರ್ ಶಾಯಿ ಬಿರುಕಿನ ಮೇಲೆ ಧಾರಾಳವಾಗಿ ಹಚ್ಚಿ ತಕ್ಷಣ ಒರೆಸಿ. ಕೂದಲೆಳೆಯಷ್ಟು ತೆಳು ಬಿರುಕಿಗೆ ಶಾಯಿ ಇಳಿದು ಅದರ ನಿಜವಾದ ಉದ್ದ ಕಾಣುತ್ತದೆ. ಹೆಚ್ಚಾಗಿ ನೀವು ಅಂದುಕೊಂಡದ್ದಕ್ಕಿಂತ ಅರ್ಧ ಇಂಚು ಜಾಸ್ತಿಯೇ ಇರುತ್ತದೆ. ಎರಡೂ ತುದಿಯಲ್ಲಿ 3 ಎಂ.ಎಂ. ಡ್ರಿಲ್‌ನಿಂದ ಸಣ್ಣ ತೂತು ಕೊರೆಯಿರಿ. ಒಡೆದದ್ದಕ್ಕೆ ಇನ್ನೂ ತೂತು ಯಾಕೆ ಅಂತ ನಮ್ಮ ಹುಡುಗರೇ ಕೇಳುತ್ತಾರೆ. ಬಿರುಕಿನ ಚೂಪು ತುದಿಗೇ ಎಲ್ಲ ಒತ್ತಡ ಬಂದು ಕೂರುವುದು, ಆ ತುದಿಯನ್ನು ದುಂಡಗೆ ಮಾಡಿಬಿಟ್ಟರೆ ಒತ್ತಡ ಹಂಚಿಹೋಗಿ ಬಿರುಕು ಮುಂದಕ್ಕೆ ಓಡುವುದಿಲ್ಲ.

ನಂತರ ಬಿರುಕಿನುದ್ದಕ್ಕೂ ವಿ ಆಕಾರದ ಚರಂಡಿ ಮಾಡಿ, ದಪ್ಪದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಆಳ. ಅದರ ಎರಡೂ ಬದಿ ಒಂದೊಂದು ಇಂಚು ಕೆರೆಯಿರಿ, ಹೊಸ ಪ್ಲಾಸ್ಟಿಕ್ ಹೊಳೆಯುವವರೆಗೆ. ಬಿಸಿಲಿಗೆ ಸುಟ್ಟು ಮಂಕಾದ ಮೇಲ್ಪದರಕ್ಕೆ ವೆಲ್ಡಿಂಗ್ ಹಿಡಿಯುವುದಿಲ್ಲ. ನಾನು ನೋಡಿದ ವಿಫಲ ವೆಲ್ಡಿಂಗ್‌ಗಳಲ್ಲಿ ಮುಕ್ಕಾಲು ಪಾಲು ಈ ಕೆರೆಯುವ ಕೆಲಸದಲ್ಲಿ ಸೋಮಾರಿತನ ಮಾಡಿದ್ದರಿಂದಲೇ.

ತುಂಬಿಸಲಿಕ್ಕೆ ಪ್ಲಾಸ್ಟಿಕ್ ಎಲ್ಲಿಂದ? ಇಲ್ಲೊಂದು ಉಪಾಯ ಇದೆ. ರಾಡ್ ಹೋಲ್ಡರ್ ಹಾಕಬೇಕು ಅಂದಿರಲ್ಲ, ಅದಕ್ಕೆ ಹೋಲ್ ಸಾ ಅನ್ನುವ ದುಂಡು ಗರಗಸದಿಂದ ಎರಡು ದೊಡ್ಡ ತೂತು ಕೊರೆಯಲೇಬೇಕು. ಆ ಕೆಲಸ ಮೊದಲು ಮಾಡಿ. ಕೊರೆದಾಗ ಬೀಳುವ ಬಿಲ್ಲೆಗಳನ್ನು ಎಸೆಯಬೇಡಿ, ಪಟ್ಟಿ ಪಟ್ಟಿಯಾಗಿ ಸೀಳಿ ಇಟ್ಟುಕೊಳ್ಳಿ. ನಿಮ್ಮ ಕಯಾಕ್‌ನದೇ ಪ್ಲಾಸ್ಟಿಕ್, ಅದೇ ಬಣ್ಣ, ಅದಕ್ಕಿಂತ ಒಳ್ಳೆ ವೆಲ್ಡಿಂಗ್ ಕಡ್ಡಿ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಸಾಲದೆ ಬಂದರೆ ಒಡೆದ ನೀರಿನ ಟ್ಯಾಂಕಿನ ಚೂರು ತನ್ನಿ. ಮೂರು ನಾಲ್ಕು ಪದರದ ಟ್ಯಾಂಕ್ ಆದರೆ ಮಧ್ಯದಲ್ಲಿ ಸ್ಪಂಜಿನ ಹಾಗೆ ಒಂದು ಪದರ ಇರಬಹುದು, ಅದು ಬೇಡ, ಗಟ್ಟಿ ಪದರ ಮಾತ್ರ. ಕಪ್ಪು ಬಣ್ಣದ್ದು ಬಿಸಿಲಿಗೆ ಚೆನ್ನಾಗಿ ತಾಳುತ್ತದೆ. ಬಕೆಟ್, ಕುರ್ಚಿ ಚೂರು ತರಬೇಡಿ, ಹೆಚ್ಚಿನ ಕುರ್ಚಿಗಳು ಪಾಲಿಪ್ರೊಪಿಲೀನ್, ಅದು ಇದರ ಜೊತೆ ಬೆರೆಯುವುದಿಲ್ಲ.

ಬೆಸೆಯುವಾಗ ನೆನಪಿಡಬೇಕಾದ್ದು ಒಂದೇ: ತುಂಬಿಸುವ ಪ್ಲಾಸ್ಟಿಕ್ ಕಡ್ಡಿಯೂ ಬುಡವೂ ಒಟ್ಟಿಗೇ ಕರಗಬೇಕು. ಈ ಪ್ಲಾಸ್ಟಿಕ್ 120ರಿಂದ 130 ಡಿಗ್ರಿಗೆ ಕರಗುತ್ತದೆ. ಎರಡೂ ಮೈ ಒದ್ದೆಯಾದ ಹಾಗೆ ಹೊಳೆದ ಗಳಿಗೆಯಲ್ಲಿ ಒತ್ತಿ ಹಿಡಿಯಬೇಕು. ತಣ್ಣಗಿರುವ ಬುಡದ ಮೇಲೆ ಕರಗಿದ ಕಡ್ಡಿ ಸುರಿದರೆ ಅದು ಮೇಣದಬತ್ತಿ ಹನಿ ಬಿದ್ದ ಹಾಗೆ, ಉಗುರಲ್ಲಿ ಎಬ್ಬಿಸಬಹುದು. ಕಂದು ಬಣ್ಣಕ್ಕೆ ತಿರುಗಿದರೆ, ಹೊಗೆ ಎದ್ದರೆ ಸುಟ್ಟಿತು ಅಂತ, ಕೆರೆದು ಮತ್ತೆ ಮಾಡಿ. ಹಾಟ್ ಏರ್ ಗನ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಚಪ್ಪಟೆ ತುದಿಯ 60 ವಾಟ್ ಸೋಲ್ಡರಿಂಗ್ ಕಡ್ಡಿಯಲ್ಲೂ ಆಗುತ್ತದೆ, ನಿಧಾನ ಅಷ್ಟೇ. ಚರಂಡಿ ತುಂಬಿದ ಮೇಲೆ ಸ್ಟೀಲಿನ ಸೊಳ್ಳೆ ಜಾಲರಿಯ ತುಂಡೊಂದನ್ನು ಮೇಲಿಟ್ಟು ಕಾಯಿಸಿ ಒಳಕ್ಕೆ ಅದುಮಿ, ಅದರ ಮೇಲೆ ಮತ್ತೊಂದು ಪದರ ಪ್ಲಾಸ್ಟಿಕ್ ಕೊಡಿ. ಜಾಲರಿ ಸ್ಟೇನ್‌ಲೆಸ್ ಸ್ಟೀಲ್‌ದೇ ಇರಲಿ, ಕಬ್ಬಿಣದ್ದಾದರೆ ಉಪ್ಪುನೀರಿಗೆ ತುಕ್ಕು ಹಿಡಿದು ಉಬ್ಬಿ ಎಲ್ಲ ಹಾಳು. ಆದಷ್ಟು ತೆರೆದ ಜಾಗದಲ್ಲಿ ಮಾಡಿ. ಮುಗಿದ ಮೇಲೆ ನೀರು ಎರಚಿ ತಣಿಸಬೇಡಿ, ತಾನಾಗಿ ತಣಿಯಲಿ. ನುಣ್ಣಗೆ ಕಾಣಲಿ ಅಂತ ಉಜ್ಜಿ ಉಜ್ಜಿ ತೆಳ್ಳಗೆ ಮಾಡುವ ಚಟವೂ ಬೇಡ. ಸ್ವಲ್ಪ ಗಡ್ಡೆ ಥರ ಉಳಿದರೆ ಮೀನಿಗೇನೂ ಗೊತ್ತಾಗುವುದಿಲ್ಲ.

ಕೈಯಲ್ಲಿ ಅಭ್ಯಾಸ ಇಲ್ಲದಿದ್ದರೆ ಮೊದಲು ಟ್ಯಾಂಕ್ ಚೂರಿನ ಮೇಲೆ ನಾಲ್ಕು ಸಲ ಬೆಸೆದು, ವೈಸಿನಲ್ಲಿ ಹಿಡಿದು ಬಗ್ಗಿಸಿ ನೋಡಿ. ಅಥವಾ ಊರಿನ ಟ್ಯಾಂಕ್ ರಿಪೇರಿಯವರನ್ನೇ ಮನೆಗೆ ಕರೆಸಿ. ಅವರಿಗೆ ಕಯಾಕ್ ಅಂದರೆ ಏನು ಅಂತ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ತುದಿಗೆ ತೂತು, ಚೆನ್ನಾಗಿ ಕೆರೆಯುವುದು, ಸ್ಟೀಲ್ ಜಾಲರಿ, ಈ ಮೂರು ನೀವು ಪಕ್ಕದಲ್ಲಿ ನಿಂತು ಹೇಳಿ ಮಾಡಿಸಿ. ಬಿರುಕು ಕೊಳವೆಯ ಸುತ್ತ ಪೂರ್ತಿ ಉಂಗುರದ ಹಾಗೆ ಬಂದಿದ್ದರೆ ಬರೀ ಹೊರಗಿನಿಂದ ಬೆಸೆದರೆ ಸಾಲದು. ಆಗ ಕಪ್ಪು ಎಚ್‌ಡಿಪಿಇ (ಇದೂ ಪಾಲಿಎಥಿಲೀನೇ) ನೀರಿನ ಪೈಪಿನ ಸರಿಯಾದ ಅಳತೆಯ ತುಂಡನ್ನು ಕೊಳವೆಯೊಳಗೆ ತೂರಿಸಿ, ಮೇಲೆ ಕೆಳಗೆ ಎರಡೂ ಬಾಯಲ್ಲಿ ಬೆಸೆಯಬೇಕಾಗುತ್ತದೆ. ಪಿವಿಸಿ ಪೈಪ್ ಹಾಕಿದರೆ ಬೆಸುಗೆ ಕೂರುವುದೇ ಇಲ್ಲ.

ರಾಡ್ ಹೋಲ್ಡರ್ ವಿಷಯ. ಅಂಗಳದಲ್ಲಿ ಕೂತು ಜಾಗ ಗುರುತು ಮಾಡಬೇಡಿ. ಮೊದಲು ನೀರಿಗಿಳಿಸಿ, ಲೈಫ್ ಜಾಕೆಟ್ ಹಾಕಿಕೊಂಡೇ ಕೂತು, ಹುಟ್ಟು ಬೀಸಿ ನೋಡಿ, ಕೈ ಹಿಂದಕ್ಕೆ ಎಲ್ಲಿಗೆ ಎಟಕುತ್ತದೋ ಅಲ್ಲಿ ಟೇಪ್ ಅಂಟಿಸಿ. ಜಾಕೆಟ್ ಹಾಕಿದಾಗ ಕೈ ಒಂದು ಗೇಣು ಕಡಿಮೆ ತಿರುಗುತ್ತದೆ. ಇನ್ನೊಂದು, ಹೋಲ್ಡರ್ ತಗೊಳ್ಳುವಾಗ ತಿರುಗಿಸಿ ಅದರ ತಳ ನೋಡಿ. ಅಗ್ಗದ ಕೆಲವು ಎರಡೂ ಕಡೆ ತೆರೆದ ಕೊಳವೆ ಇರುತ್ತವೆ. ಅದನ್ನು ಹಾಕಿದರೆ ಅಲೆ ಬಂದಾಗೆಲ್ಲ ನೀರು ನೇರ ಹೊಟ್ಟೆಗೆ. ತಳ ಮುಚ್ಚಿದ್ದೇ ಬೇಕು. ಹ್ಯಾಚ್‌ನಿಂದ ಒಳಗೆ ಕೈ ಹೋಗುವ ಜಾಗವಾದರೆ ಸ್ಟೇನ್‌ಲೆಸ್ ಬೋಲ್ಟು, ಅಗಲದ ವಾಷರ್, ತಾನಾಗಿ ಸಡಿಲವಾಗದ ನೈಲಾಕ್ ನಟ್ಟು ಹಾಕಿ. ಉಪ್ಪುನೀರಿಗೆ 304 ಗ್ರೇಡಿಗಿಂತ 316 ಬಾಳುತ್ತದೆ. ಕೈ ಹೋಗದ ಜಾಗಕ್ಕೆ ಒಳಗೆ ಮೂರು ಕಾಲಾಗಿ ಅರಳುವ ರಿವೆಟ್ ಸಿಗುತ್ತದೆ, ಅದು. ಮಾಮೂಲಿ ಅಲ್ಯೂಮಿನಿಯಂ ಪಾಪ್ ರಿವೆಟ್ ಮೆತ್ತಗಿನ ಪ್ಲಾಸ್ಟಿಕ್‌ನಲ್ಲಿ ನಾಲ್ಕು ಸಲ ಎಳೆದರೆ ತೂತಿನ ಸಮೇತ ಕಿತ್ತು ಬರುತ್ತದೆ. ಕೆಳಗೆ ನೀರು ನುಸುಳದ ಹಾಗೆ ಬ್ಯುಟೈಲ್ (ರಬ್ಬರಿನಂಥ ಮೆತ್ತನೆ) ಟೇಪ್ ಒಂದು ಸುತ್ತು ಹಾಕಿ ಬಿಗಿಯಿರಿ.

ಫಿಶ್ ಫೈಂಡರ್? ನಿಜ ಹೇಳುವುದಾದರೆ ಮೊದಲ ವರ್ಷ ಬೇಡ. ಆ ಹಿನ್ನೀರಿನಲ್ಲಿ ಬಹಳ ಕಡೆ ಆಳ ನೋಡಲಿಕ್ಕೆ ಬಿದಿರಿನ ಗಳ ಸಾಕು. ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿನ ಹತ್ತಿರ ಮೀನು ಇರುತ್ತದೆ ಅಂತ ಪರದೆ ನೋಡಿ ತಿಳಿಯಬೇಕಾಗಿಲ್ಲ. ಹಾಕಲೇಬೇಕು ಅಂತಿದ್ದರೆ ಬುಡಕ್ಕೆ ತೂತು ಮಾತ್ರ ಕೊರೆಯಬೇಡಿ. ಅದರ ಶಬ್ದದ ಅಲೆ ಕಳಿಸಿ ಹಿಡಿಯುವ ಭಾಗ, ಟ್ರಾನ್ಸ್‌ಡ್ಯೂಸರ್ ಅನ್ನು ಒಳಗಿನಿಂದಲೇ ಬುಡಕ್ಕೆ ಗಾಳಿಗುಳ್ಳೆ ಇಲ್ಲದ ಹಾಗೆ ಮೆತ್ತನೆ ಪುಟ್ಟಿಯಲ್ಲಿ ಕೂರಿಸಿದರೆ ಶಬ್ದದ ಅಲೆ ಈ ಪ್ಲಾಸ್ಟಿಕ್ ದಾಟಿ ಹೋಗುತ್ತದೆ. ನೀರಿನ ಉಷ್ಣತೆ ಮಾತ್ರ ತಪ್ಪು ತೋರಿಸುತ್ತದೆ.

ಅದರ ಬದಲು ಆ ದುಡ್ಡಲ್ಲಿ ಲಂಗರಿನ ವ್ಯವಸ್ಥೆ ಸರಿ ಮಾಡಿಕೊಳ್ಳಿ. ಇದನ್ನು ನಾನು ಕಲಿತದ್ದು ನೀರು ಕುಡಿದು. ಹಂಗಾರಕಟ್ಟೆ ಹತ್ತಿರ ಒಂದು ಸಂಜೆ ಸೀಟಿನ ಪಕ್ಕದ ಕೊಂಡಿಗೇ ಲಂಗರಿನ ಹಗ್ಗ ಕಟ್ಟಿ ಆರಾಮಾಗಿ ಗಾಳ ಹಾಕಿ ಕೂತಿದ್ದೆ. ಇಳಿತ ಶುರುವಾಯಿತು. ನೀರು ಅಳಿವೆ (ಹೊಳೆ ಸಮುದ್ರ ಸೇರುವ ಜಾಗ) ಕಡೆ ಓಡತೊಡಗಿದ ಹಾಗೆ ಹಗ್ಗ ಬಿಗಿದು, ಕಯಾಕ್ ಹೊಳೆಗೆ ಅಡ್ಡ ತಿರುಗಿ, ಹಗ್ಗ ಕಟ್ಟಿದ ಬದಿ ಕೆಳಗೆ ಎಳೆದುಕೊಂಡು ಹೋಯಿತು. ಎಣಿಸುವಷ್ಟರಲ್ಲಿ ಮಗುಚಿತು. ಜಾಕೆಟ್ ಇತ್ತು, ಜೀವ ಉಳಿಯಿತು. ಎರಡು ರಾಡು, ಫೋನು, ಬುತ್ತಿ ಎಲ್ಲ ಸೀತಾ ನದಿಗೆ ಅರ್ಪಣೆ. ಹಗ್ಗ ಯಾವತ್ತೂ ಮೂತಿಯಿಂದ ಅಥವಾ ಹಿಂದಿನ ತುದಿಯಿಂದಲೇ ಹೋಗಬೇಕು. ಎರಡು ತುದಿಗೂ ಒಂದೊಂದು ಸಣ್ಣ ಪುಲ್ಲಿ, ನಡುವೆ ಸುತ್ತು ಹಗ್ಗ, ಅದರಲ್ಲೊಂದು ಬಳೆ, ಬಳೆಯೊಳಗೆ ಲಂಗರಿನ ಹಗ್ಗ. ಕೂತಲ್ಲಿಂದಲೇ ಬಳೆಯನ್ನು ಮುಂದೆ ಹಿಂದೆ ಎಳೆಯಬಹುದು. ಲಂಗರಿನ ಹಗ್ಗದ ನಿಮ್ಮ ಕಡೆ ತುದಿಗೆ ಒಂದು ತೇಲುವ ಬುರುಡೆ ಕಟ್ಟಿ, ಎಳೆದರೆ ಬಿಚ್ಚುವ ಗಂಟು ಹಾಕಿ. ಸೆಳೆತ ಜಾಸ್ತಿ ಆದರೆ ಬಿಟ್ಟುಬಿಡಿ, ಬುರುಡೆ ತೇಲುತ್ತಿರುತ್ತದೆ, ಆಮೇಲೆ ಬಂದು ತಗೊಂಡರಾಯಿತು.

ಇಷ್ಟೆಲ್ಲ ಮಾಡಿದ ಮೇಲೂ ಹೊಟ್ಟೆ ಪೊಳ್ಳಾಗಿ ಬಿಡಬೇಡಿ. ಬೆಸುಗೆ ಬಿಟ್ಟರೆ ಮುಳುಗದ ಹಾಗೆ ಏನಾದರೂ ಒಳಗಿರಲಿ. ಬಿಗಿಯಾಗಿ ಮುಚ್ಚಿದ ಎರಡು ಲೀಟರಿನ ಖಾಲಿ ಬಾಟಲಿ ಹತ್ತತ್ತಿರ ಎರಡು ಕೆಜಿ ಎತ್ತಿ ಹಿಡಿಯುತ್ತದೆ. ಮೂವತ್ತು ಬಾಟಲಿ ಬಲೆ ಚೀಲದಲ್ಲಿ ಕಟ್ಟಿ ಮುಂದೆ ಹಿಂದೆ ತುರುಕಿ, ಖರ್ಚು ಸೊನ್ನೆ. ಥರ್ಮೋಕೋಲ್ ಚೂರು ತುಂಬಿದವರ ಡ್ರೈನ್ ತೂತು ಕಾಳು ಕಟ್ಟಿ ಮುಚ್ಚಿಹೋದದ್ದು ನೋಡಿದ್ದೇನೆ.

ಈಗ ವ್ಯಾಗನ್ ಆರ್. ಅದರ ಉದ್ದ 3,655 ಎಂ.ಎಂ., ನಿಮ್ಮ 12 ಅಡಿ ಅಂದರೆ 3,658. ಲೆಕ್ಕದಲ್ಲಿ ಎರಡೂ ಒಂದೇ ಉದ್ದ, ನೋಡಿದರೆ ಖುಷಿಯಾಗುತ್ತದೆ. ಆದರೆ ರೂಫಿನ ಭಾಗ ಹಿಂದಕ್ಕಿದೆ. ಎರಡು ಅಡ್ಡ ಪಟ್ಟಿಯ ಮೇಲೆ ಸಮತೂಕಕ್ಕೆ ಇಟ್ಟಾಗ ಕಯಾಕ್ ಹಿಂದೆ ಸ್ವಲ್ಪ ಚಾಚಿಯೇ ಚಾಚುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಲ್ಲಿ, ಮಿತಿ ಮೀರಿ ಹೊರಚಾಚಿದ ಸಾಮಾನಿಗೆ 20,000 ರೂಪಾಯಿ ದಂಡ ಅಂತ ಬರೆದಿದೆ. ಆದಷ್ಟು ಮುಂದಕ್ಕೆ ಸರಿಸಿ, ಹಿಂದಿನ ತುದಿಗೆ ಕೆಂಪು ಬಟ್ಟೆ ಕಟ್ಟಿ, ಹಗಲಲ್ಲೇ ಓಡಾಡಿ. ರೂಫ್ ಎಷ್ಟು ಕೆಜಿ ತಾಳುತ್ತದೆ ಅಂತ ಕಾರಿನ ಪುಸ್ತಕದಲ್ಲಿ ನೋಡಿ, ಅಡ್ಡ ಪಟ್ಟಿಯ ತೂಕವನ್ನೂ ಸೇರಿಸಿ ಲೆಕ್ಕ ಹಾಕಿ.

ಕಯಾಕ್ ಮಗುಚಿ, ಬುಡ ಮೇಲಾಗಿ ಇಡಿ. ಬೊಕ್ಕಬೋರಲು ಇದ್ದಾಗ ಅಂಚುಗಳು ಭಾರ ಹೊರುತ್ತವೆ, ಮಳೆ ಬಂದರೆ ನೀರೂ ನಿಲ್ಲುವುದಿಲ್ಲ. ಕಟ್ಟಲಿಕ್ಕೆ ಲಾರಿಯವರ ರ‍್ಯಾಚೆಟ್ ಪಟ್ಟಿ ಬೇಡ, ಕೈಯಲ್ಲಿ ಎಳೆದು ಬಿಗಿಯುವ ಬಕಲ್ ಪಟ್ಟಿ ಸಾಕು. ರ‍್ಯಾಚೆಟ್‌ನಲ್ಲಿ ಎಷ್ಟು ಬಿಗಿದೆ ಅಂತ ಗೊತ್ತೇ ಆಗುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಹಾಗೆ ಬಿಗಿದು ಊಟಕ್ಕೆ ಹೋಗಿದ್ದೆ, ಬಂದು ನೋಡಿದರೆ ಪಟ್ಟಿ ಇದ್ದಲ್ಲಿ ಬುಡ ತಟ್ಟೆಯಷ್ಟು ಒಳಕ್ಕೆ ಹೋಗಿತ್ತು. ಅಂಥ ತಗ್ಗು ನಿಮ್ಮದರಲ್ಲಿ ಇದ್ದರೆ ಹೆದರಬೇಡಿ. ಬಿಸಿಲಿಗಿಟ್ಟು, ಅದರ ಮೇಲೆ ಬಿಸಿನೀರು ಸುರಿದು, ಹ್ಯಾಚ್‌ನಿಂದ ಕೈ ಹಾಕಿ ಒಳಗಿನಿಂದ ಒತ್ತಿದರೆ ಬಹಳಷ್ಟು ವಾಪಸ್ ಬರುತ್ತದೆ. ಈ ಪ್ಲಾಸ್ಟಿಕ್‌ಗೆ ತನ್ನ ಹಳೆ ಆಕಾರದ ನೆನಪಿರುತ್ತದೆ.

ಎರಡು ಪಟ್ಟಿ ಸಾಲದು. ಮೂತಿಯಿಂದ ಮುಂದಿನ ಟೋಯಿಂಗ್ ಕೊಂಡಿಗೆ ಒಂದು ಹಗ್ಗ, ಹಿಂದಿನಿಂದ ಇನ್ನೊಂದು. ಹೆದ್ದಾರಿ 66ರಲ್ಲಿ ಎದುರಿನಿಂದ ಮೀನಿನ ಲಾರಿ ಬೀಸಿಕೊಂಡು ಹೋದಾಗ ಮೂತಿ ಹೇಗೆ ಎತ್ತುತ್ತದೆ ಅಂತ ಒಂದು ಸಲ ನೋಡಿದರೆ ಈ ಹಗ್ಗ ಯಾಕೆ ಅಂತ ಕೇಳುವುದಿಲ್ಲ. ಪಟ್ಟಿಗೆ ಒಂದು ತಿರುವು ಹಾಕಿ ಕಟ್ಟಿದರೆ ಗಾಳಿಗೆ ಗುಂಯ್ ಅನ್ನುವ ಸದ್ದು ಬರುವುದಿಲ್ಲ. 60ರ ಒಳಗೆ ಹೋಗಿ. ಹೊರಟು ಐದು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಎಲ್ಲ ಒಮ್ಮೆ ಎಳೆದು ನೋಡಿ, ಪಟ್ಟಿ ಖಂಡಿತ ಸಡಿಲ ಆಗಿರುತ್ತದೆ. ಒಬ್ಬರೇ 32 ಕೆಜಿ ಎತ್ತಿ ರೂಫಿಗೆ ಹಾಕುವ ಸಾಹಸ ಬೇಡ. ಡಿಕ್ಕಿಯ ಮೇಲೆ ಹಳೆ ಕಂಬಳಿ ಹಾಸಿ, ಮೂತಿ ಮೊದಲು ಒರಗಿಸಿ, ಹಿಂದಿನಿಂದ ಎತ್ತಿ ದೂಡಿ. ಗೂಡ್ಸ್ ಟೆಂಪೋ ಮಾಡುವುದಾದರೆ ಸಣ್ಣ ಗಾಡಿಗಳ ಡಬ್ಬಿ ಏಳು ಅಡಿ ಆಸುಪಾಸು, ಐದು ಅಡಿ ಹೊರಗೆ ಉಳಿಯುತ್ತದೆ. ದೊಡ್ಡ ಪಿಕಪ್ ಹೇಳಿ.

ಮಳೆಗಾಲದಲ್ಲಿ ಒಳನಾಡಿನ ಹೊಳೆಯೂ ಬೇಡ, ಅಳಿವೆಯಂತೂ ಬೇಡವೇ ಬೇಡ. ಆ ತಿಂಗಳುಗಳಲ್ಲಿ ಕಯಾಕ್ ಅನ್ನು ನೆರಳಲ್ಲಿ, ಅಗಲದ ಎರಡು ಪಟ್ಟಿಯ ಮೇಲೆ ಬೋರಲಾಗಿ ಇಟ್ಟು, ಹ್ಯಾಚ್ ಸ್ವಲ್ಪ ತೆರೆದಿಡಿ. ತುದಿಯ ಹಿಡಿಕೆಗಳಿಂದ ತೂಗು ಹಾಕಬೇಡಿ, ನಡು ಬಗ್ಗುತ್ತದೆ. ತೆಂಗಿನ ಮರದ ಕೆಳಗೆ ಇಡಬೇಡಿ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಆದರೂ ಹೋದ ವರ್ಷ ನನ್ನ ಹತ್ತಿರ ಬಂದ ಒಂದು ಕಯಾಕ್‌ಗೆ ಕಾಯಿ ಬಿದ್ದೇ ತೂತಾಗಿತ್ತು.

ಬೆಸೆದು ಮುಗಿದ ಮೇಲೆ ಮೊದಲ ದಿನ ದಡದ ಹತ್ತಿರ, ಸೊಂಟದ ಮಟ್ಟದ ನೀರಿನಲ್ಲೇ ಒಂದು ಗಂಟೆ ಸುತ್ತಿ. ವಾಪಸ್ ಬಂದು ಡ್ರೈನ್ ಬಿರಡೆ ಬಿಚ್ಚಿ, ಬಂದ ನೀರನ್ನು ಅಳೆಯಿರಿ. ಒಂದು ಲೋಟದಷ್ಟು ಬಂದರೆ ಅದು ಹ್ಯಾಚ್ ರಬ್ಬರಿನದ್ದು, ಗ್ರೀಸ್ ಹಚ್ಚಿ ನೋಡಿ. ಒಂದು ಲೀಟರ್ ದಾಟಿದರೆ ಮತ್ತೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದ ಜಾಗದ ಫೋಟೋ ತೆಗೆದು ಕಳಿಸಿ.